ನನ್ನ ಮನೆ ಕೆಡವಿಸಿದ ಡ್ರಾಯಿಂಗ್ ಮೇಷ್ಟ್ರು

ವೆಂಕಟಾಚಲನ ಬಗ್ಗೆ ಒಳ್ಳೆಯ ಮಾತು ಬೇಕಿದ್ದವರು ಬೇರೆ ಯಾರನ್ನಾದರೂ ಕೇಳಲಿ. ಹೊಸೂರಿನ ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಅವನು ಡ್ರಾಯಿಂಗ್ ಕಲಿಸಿದ, ನಾನು ಲೆಕ್ಕ ಕಲಿಸಿದೆ. ಅವನಂಥ ಮೊಂಡನನ್ನು ನಾನು ಕಂಡಿಲ್ಲ.

ತರಬೇತಿಯ ಕಾಲದಲ್ಲಿ ಅವನಿಗೆ ಯಾರೋ ಫ್ರೆಂಚ್ ಚಿತ್ರಕಾರನ ಪುಸ್ತಕ ಸಿಕ್ಕಿತ್ತು. ಆ ಪುಣ್ಯಾತ್ಮ ಅರಮನೆ, ದೇವತೆಗಳನ್ನೆಲ್ಲ ಬಿಟ್ಟು ಹೊಲದ ಬದುವಿನಲ್ಲಿ ನಿಂತು ಉಳುವವರನ್ನು ಬರೆಯುತ್ತಿದ್ದನಂತೆ. ಇವನಿಗೂ ಅದೇ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಹಲಗೆ ಹೊತ್ತು, ನನ್ನನ್ನೂ ಎಳೆದುಕೊಂಡು ಬೇರಿಕೆ ಕಡೆಯ ಹೊಲಗಳಿಗೆ ಹೊರಡುತ್ತಿದ್ದ. ಸರ್ವೆಯವನೆಂದು ತಿಳಿದು ರೈತರು ಎಷ್ಟೋ ಸಲ ನಾಯಿ ಛೂ ಬಿಟ್ಟಿದ್ದಾರೆ. ಮೂಕಂಡಪಲ್ಲಿಯ ಹೋಟೆಲಿನವರು ಚಿತ್ರ ಕೇಳಿದಾಗ ಹೊಲದ ಮಧ್ಯದ ಕರೆಂಟ್ ಕಂಬ ಬೇಡವೆಂದಿದ್ದರು. "ಕಂಬ ಐತಲ್ಲ ಸಾರ್, ನಾನೇನ್ ಮಾಡ್ಲಿ?" ಎಂದು ಚಿತ್ರ ವಾಪಸ್ ತಂದ. ಪ್ರತಿ ಚಿತ್ರದ ಬೆನ್ನಿಗೂ ತಾರೀಕು, ಹೊತ್ತು, ನಿಂತ ಜಾಗ ಬರೆಯುವುದು ಬೇರೆ.

ನಿವೃತ್ತನಾದ ಮೇಲೆ ನಾನು ಬೇರಿಕೆ ರಸ್ತೆಯ ಹೊಸ ಲೇಔಟಿನಲ್ಲಿ ಸೈಟು ಕೊಂಡು ಮನೆ ಕಟ್ಟಿದೆ. ಜೀವನದಲ್ಲಿ ನನ್ನದೆಂದು ಇದ್ದದ್ದು ಅದೊಂದೇ. ಎರಡು ವರ್ಷ ಕಳೆಯುವಷ್ಟರಲ್ಲಿ ಕೆಳಗಿನ ಹೊಲದ ಬೋರಯ್ಯ ಅರ್ಜಿ ಹಾಕಿದ. ಇಲ್ಲಿ ಮಳೆನೀರು ನಿಲ್ಲುವ ಕುಂಟೆಯಿತ್ತು, ಅದನ್ನು ಮುಚ್ಚಿ ಸೈಟು ಮಾಡಿದ್ದರಿಂದ ತನ್ನ ಬಾವಿ ಒಣಗಿತು ಎಂದು. ಲೇಔಟಿನವರು ಇಲ್ಲಿ ಹನಿ ನೀರೂ ಇರಲಿಲ್ಲ ಎಂದರು. ಆಗ, ಹಿಂದೆ ಏರಿಯ ಮೇಲೆ ಚಿತ್ರ ಬರೆಯುತ್ತಿದ್ದವನ ನೆನಪಾಗಿ, ಬೋರಯ್ಯ ಹುಡುಕಿಕೊಂಡು ಹೋದದ್ದು ವೆಂಕಟಾಚಲನ ಮನೆಗೆ. ಅಟ್ಟದಿಂದ ಇಳಿದ ಚಿತ್ರದಲ್ಲಿ ಕುಂಟೆ ತುಂಬಿತ್ತಂತೆ. ಬೆನ್ನಿಗೆ, ೧೯೯೭ ನವೆಂಬರ್, ಬೆಳಿಗ್ಗೆ ಏಳು, ಏರಿಯ ಮೇಲೆ, ಪೂರ್ವಕ್ಕೆ ಮುಖ.

ನಾನು ಆಲಸನತ್ತಂನ ಅವನ ಮನೆಗೆ ಓಡಿದೆ. "ನೀರು ಮನ್ಸಿಗೆ ಬಂದಂಗೆ ಬರ್ದೆ ಅಂತ ಒಂದ್ ಮಾತು ಹೇಳ್ಬುಡ್ಲಾ. ಚಿತ್ರ ತಾನೆ? ನನ್ ಮನೆ ಉಳ್ಕತದೆ."

ಅವನು ಕುಂಚ ಒರೆಸುತ್ತಲೇ ಇದ್ದ. "ಮನ್ಸಿಗೆ ಬಂದಂಗೆ ಬರೆಯಾಕೆ ಬಂದಿದ್ರೆ ಬಿಸ್ಲಾಗೆ ಯಾಕ್ ನಿಂತ್ಕತಿದ್ದೆ ಕಣ್ಲಾ?"

"ನಿನ್ ಕೈ ಸೇದ್ಹೋಗ!" ಎಂದೆ. ಕಾಫಿ ತಂದಿದ್ದ ಅವನ ಹೆಂಡತಿ ಕಾಮಾಕ್ಷಮ್ಮ ಲೋಟ ಹಿಡಿದುಕೊಂಡೇ ಒಳಗೆ ಹೋದರು.

ವಿಚಾರಣೆಯ ದಿನ ಅಧಿಕಾರಿ ಚಿತ್ರವನ್ನು ಮೇಜಿನ ಮೇಲಿಟ್ಟರು. ನಾನು ಅಲ್ಲಿಯವರೆಗೂ ಅದನ್ನು ನೋಡಿರಲಿಲ್ಲ. ನೀರು ಕಂಡಿದ್ದು ನಿಜವೇ ಎಂದು ವೆಂಕಟಾಚಲನನ್ನು ಕೇಳಿದರು, ನಿಜ ಎಂದ. ಆಮೇಲೆ ಅವರ ಬೆರಳು ನೀರಿನ ಅಂಚಿಗೆ ಹೋಯಿತು. ಅಲ್ಲೊಬ್ಬ ಪಂಚೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿನಲ್ಲಿ ನಿಂತು ಮುಖ ತೊಳೆಯುತ್ತಿದ್ದ. "ಇವರ್ ಯಾರು? ಇದ್ದರೆ ಸಾಕ್ಷಿ ಹೇಳಲಿ."

ಬಗ್ಗಿ ನೋಡಿದೆ. ಆ ದಪ್ಪ ಕನ್ನಡಕ, ಆ ಬಾಗಿದ ಬೆನ್ನು. ಅದು ನಾನು. ಆ ನೀರಿನ ತಣುಪು ನನ್ನ ಕಾಲಿಗೆ ಗೊತ್ತಿತ್ತು. ಸೈಟಿನ ಪತ್ರಕ್ಕೆ ಸಹಿ ಹಾಕುವಾಗಲೂ ಗೊತ್ತಿತ್ತು.

ವೆಂಕಟಾಚಲ ನನ್ನ ಕಡೆ ಒಂದು ಸಲ ನೋಡಿದ. "ನೆನಪಿಲ್ಲ ಸಾರ್" ಎಂದ.

ಹೊತ್ತು ಸಹಿತ ಬರೆದಿಡುವವನಿಗೆ ನೆನಪಿಲ್ಲವಂತೆ! ನಾನು ಎದ್ದು ನಿಲ್ಲಬಹುದಿತ್ತು. ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ.

ಸಾಕ್ಷಿಗೆ ಚಿತ್ರವೇ ಸಾಕಾಯಿತು. ಮಾರ್ಚಿನಲ್ಲಿ ಜೆಸಿಬಿ ಬಂತು. ಸಾಮಾನು ಹೊರಲು ವೆಂಕಟಾಚಲನೂ ಬಂದಿದ್ದ. ಗೇಟಿನಲ್ಲೇ ಬೈದು ಕಳಿಸಿದೆ. ಮನೆ ಹೋದ ಸಿಟ್ಟು ಪಾಪ ಎಂದು ಜನ ಅಂದುಕೊಂಡರು. ಮನೆ ಹೋದದ್ದನ್ನು ಹೇಗೋ ನುಂಗಿಕೊಂಡೇನು. ಹುಟ್ಟಿದಾಗಿನಿಂದ ಸುಳ್ಳು ಹೇಳದ ಆ ಮೊಂಡ ನನ್ನ ಮಾನ ಉಳಿಸಲು ಒಂದು ಸುಳ್ಳು ಹೇಳಿದನಲ್ಲ, ಅದಕ್ಕೆ ಅವನನ್ನು ನಾನು ಸಾಯುವವರೆಗೂ ಕ್ಷಮಿಸಲಾರೆ.