ಮೈಕಮ್ಮನ ಬಲಗೆನ್ನೆ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೈಕಮ್ಮ ಎಂದು. ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಸಾರುವುದು ಅವಳ ಕೆಲಸ. ಮಹಾ ಮಾತುಗಾತಿ. ಒಮ್ಮೆ ಕಾದು ಕಾದು ಸಿಟ್ಟಿಗೆದ್ದಿದ್ದ ಜನರಿಗೆ, "ಬಸ್ಸು ಹೊರಟಿದೆಯಂತೆ, ಎಲ್ಲಿಂದ ಅಂತ ಮಾತ್ರ ಕೇಳಬೇಡಿ" ಎಂದು ಹೇಳಿ ಮೇಲ್ವಿಚಾರಕರಿಂದ ಚೆನ್ನಾಗಿ ಉಗಿಸಿಕೊಂಡಿದ್ದಳು. ಜನ ಮಾತ್ರ ನಕ್ಕು ಸುಮ್ಮನಾಗಿದ್ದರು.

ನೋವು ಬಂದದ್ದು ಒಂದು ಬೆಳಿಗ್ಗೆ, ಹಲ್ಲುಜ್ಜುವಾಗ. ಬಲಗೆನ್ನೆಯೊಳಗೆ ಯಾರೋ ಕರೆಂಟಿನ ತಂತಿ ಇಟ್ಟ ಹಾಗೆ ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ಸುಟ್ಟುಕೊಂಡು ಹೋಯಿತು. ಕೈಯಲ್ಲಿದ್ದ ಬ್ರಶ್ಶು ಕೆಳಗೆ ಬಿತ್ತು. ಉಸಿರು ತಿರುಗುವಷ್ಟರಲ್ಲಿ ಏನೂ ಇಲ್ಲ. ಕನ್ನಡಿ ನೋಡಿಕೊಂಡಳು, ಊದಿಲ್ಲ, ಕೆಂಪಾಗಿಲ್ಲ. ಯಾರಿಗೂ ತೋರಿಸಲಾಗದ ನೋವು. ಮುಂದೆ ಅವಳನ್ನು ಅರ್ಧ ಕೊಂದದ್ದು ಇದೇ.

ಹಲ್ಲಿನ ಡಾಕ್ಟರು ದವಡೆ ಹಲ್ಲೊಂದನ್ನು ಕಿತ್ತರು. ಆಮೇಲೆ ಪಕ್ಕದ್ದನ್ನೂ ಕಿತ್ತರು. ನೋವು ಜಪ್ಪಯ್ಯ ಅನ್ನಲಿಲ್ಲ. ಆ ಕಡೆಯ ಹಲ್ಲನ್ನೆಲ್ಲ ಕಿತ್ತು ಹಾಕಿಬಿಡಿ ಎಂದು ಅವಳು ಕೈಮುಗಿದು ಕೂತಾಗ ಅವರಿಗೇ ದಿಗಿಲಾಗಿ ನರದ ಡಾಕ್ಟರ ಹತ್ತಿರ ಕಳಿಸಿದರು. ಮುಖದ ನರವೊಂದು ಸುಮ್ಮಸುಮ್ಮನೆ ಕಿಡಿ ಕಾರುತ್ತಿದೆ, ಆಪರೇಷನ್ ಮಾಡಬಹುದಿತ್ತು, ಆದರೆ ನಿಮ್ಮ ಹೃದಯ ಅದನ್ನು ತಡೆಯುವುದಿಲ್ಲ ಎಂದರು ನರದ ಡಾಕ್ಟರು. ಚಿಕ್ಕಂದಿನ ಜ್ವರವೊಂದು ಅವಳ ಹೃದಯವನ್ನು ಆಗಲೇ ಸೋಲಿಸಿತ್ತು. ಉಳಿದದ್ದು ಮಾತ್ರೆ.

ಮಾತ್ರೆಯಿಂದ ನೋವು ಕಡಿಮೆಯಾಯಿತು, ಜೊತೆಗೆ ಅವಳೂ ಕಡಿಮೆಯಾದಳು. ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಒಂದು ಸಂಜೆ ಯಾವುದೋ ಪ್ಲಾಟ್‌ಫಾರ್ಮ್ ಬದಲು ಇನ್ಯಾವುದನ್ನೋ ಹೇಳಿಬಿಟ್ಟಳು. ಜನ ಗಂಟುಮೂಟೆ ಹೊತ್ತು ಆ ಕಡೆ ನುಗ್ಗಿದರು. ಅಲ್ಲಿ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಬ್ರೇಕು ಒತ್ತಿದಾಗ ಒಬ್ಬ ಮುದುಕಿಯ ಬಟ್ಟೆಗಂಟು ಚಕ್ರದಡಿ ಸಿಕ್ಕಿತ್ತು. ಗಂಟು ಮಾತ್ರ. ಗಾಜಿನ ಹಿಂದಿನಿಂದ ಅದನ್ನು ನೋಡಿದವಳು ಮರುದಿನದಿಂದ ಕೆಲಸದ ಹೊತ್ತಿನಲ್ಲಿ ಮಾತ್ರೆ ನುಂಗುವುದನ್ನು ಬಿಟ್ಟಳು.

ಅಲ್ಲಿಂದ ನೋವಿನ ಜೊತೆ ಸಂಸಾರ ಶುರುವಾಯಿತು. ಎಡದವಡೆಯಲ್ಲಿ ಅಗಿಯುವುದು, ಎಡಗೆನ್ನೆ ಮಾತ್ರ ತೊಳೆಯುವುದು, ಗಾಳಿ ತಾಗದಂತೆ ಶಾಲು ಸುತ್ತಿಕೊಳ್ಳುವುದು, ಎಡಮಗ್ಗುಲಲ್ಲೇ ಮಲಗುವುದು. ತುಟಿಗೆ ತುಟಿ ತಾಗಿದರೆ ಕಿಡಿ ಹೊಡೆಯುತ್ತದೆ ಎಂದು ತಿಳಿದಾಗ ತುಟಿ ಸೇರದ ಮಾತುಗಳನ್ನು ಹುಡುಕಿದಳು. 'ಪ್ರಯಾಣಿಕರ ಗಮನಕ್ಕೆ' ಹೋಗಿ 'ಎಲ್ಲರೂ ಕೇಳಿ' ಆಯಿತು; ಬಸ್ಸು ಗಾಡಿಯಾಯಿತು. ಊರಿನ ಹೆಸರು ಬದಲಿಸುವಂತಿಲ್ಲವಲ್ಲ! ಅಂಥ ಊರು ಬಂದಾಗ ಮೇಜಿನ ಅಂಚು ಹಿಡಿದು ಹೇಳುತ್ತಿದ್ದಳು, ಹೊಡೆತ ತಿಂದು, ಅದು ಇಳಿದ ಮೇಲೆ ಉಳಿದದ್ದನ್ನು ಮುಗಿಸುತ್ತಿದ್ದಳು. ಮೈಕಮ್ಮ ಈಗ ಎಷ್ಟು ಬಿಡಿಸಿ ಬಿಡಿಸಿ ಹೇಳುತ್ತಾಳೆ ಎಂದು ಕಂಡಕ್ಟರುಗಳು ಮೆಚ್ಚಿಕೊಂಡರು.

ಮನೆಯಲ್ಲಿ ಮಗಳು 'ಪುಟ್ಟಿ'ಯಿಂದ 'ಚಿನ್ನ' ಆದಳು. ನಗು ಬಂದರೆ ಅಮ್ಮನಿಗೆ ನೋವಾಗುತ್ತದೆ ಎಂದು ಅರಿತ ಆ ಹುಡುಗಿ ಶಾಲೆಯ ತಮಾಷೆಗಳನ್ನು ಬಾಗಿಲಲ್ಲೇ ನುಂಗಿಕೊಂಡು ಒಳಗೆ ಬರತೊಡಗಿದಳು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮೊದಮೊದಲು ಅವಳು ನರಳಿದಾಗಲೆಲ್ಲ ಎದ್ದು ಓಡಿಬರುತ್ತಿದ್ದ. ಬರಬರುತ್ತಾ ತುತ್ತು ಹಿಡಿದ ಕೈಯನ್ನು ತಟ್ಟೆಯ ಮೇಲೆ ನಿಲ್ಲಿಸಿ, ಅವಳ ಉಸಿರು ಸರಿಹೋದ ಮೇಲೆ ಊಟ ಮುಂದುವರಿಸುತ್ತಿದ್ದ.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. "ನೀವು ಇದಕ್ಕೆ ಒಗ್ಗಿಬಿಟ್ರಿ," ಎಂದಳು. ಹೇಳಿದ್ದಕ್ಕೆ ಕೆನ್ನೆಯೊಳಗೆ ಹೊಡೆತವೂ ಬಿತ್ತು. ಗೋಡೆ ಹಿಡಿದು ನಿಂತು ಮಾತು ಮುಗಿಸಿದಳು. "ನನಗೆ ಇನ್ನೂ ಆಗ್ತಿಲ್ಲ."

ಅವನು ತಟ್ಟೆ ನೋಡುತ್ತಲೇ ಇದ್ದ. "ದಿನಾ ಹೆದರ್ತಾ ಕೂತ್ರೆ ನಾನು ಕೆಲಸಕ್ಕೆ ಹೋಗೋದು ಹೇಗೆ, ನೀನೇ ಹೇಳು."

ಅವಳು ಶಾಲು ಬಿಗಿದುಕೊಂಡು ಒಳಗೆ ಹೋದಳು.

ಹೀಗಿರುವಾಗ ಒಂದು ದಿನ ನೋವು ಬರಲಿಲ್ಲ. ಮರುದಿನವೂ ಇಲ್ಲ. ತಿಂಗಳು ಕಳೆಯಿತು. ಕೆಲವರಿಗೆ ಹೀಗೆ ಬಿಡುವು ಸಿಗುತ್ತದೆ, ಎಷ್ಟು ದಿನ ಎಂದು ಹೇಳಲಾಗದು ಎಂದರು ಡಾಕ್ಟರು. ಗಂಡನಿಗೆ ಹೋದ ಜೀವ ಬಂದ ಹಾಗಾಯಿತು. ಅವಳು ನಂಬಲಿಲ್ಲ. ಎಡಗಡೆಯೇ ಅಗಿದಳು, ಶಾಲು ತೆಗೆಯಲಿಲ್ಲ. ನೋವಿದ್ದಾಗ ಅದು ಹೋದ ಮೇಲೆ ಸ್ವಲ್ಪ ಹೊತ್ತಾದರೂ ನೆಮ್ಮದಿ ಇರುತ್ತಿತ್ತು. ಈಗ ಇಡೀ ದಿನ ಅದು ಬರುವ ದಾರಿ ಕಾಯುವುದೇ ಆಯಿತು.

ಒಂದು ಸಂಜೆ ಮಗಳು ಹಿಂದಿನಿಂದ ಬಂದು ಬಲಗೆನ್ನೆಗೆ ಮುತ್ತಿಟ್ಟಳು. ಯೋಚಿಸುವ ಮೊದಲೇ ಅವಳ ಕೈ ಹುಡುಗಿಯನ್ನು ದೂಡಿತ್ತು. ಮಂಚದ ಕಾಲಿಗೆ ತಾಗಿ ಮೊಣಕೈ ತರಚಿ ರಕ್ತ ಬಂತು. ಮಗಳು ಅಳಲಿಲ್ಲ.

"ನೋವಾಯ್ತಾ ಅಮ್ಮ?"

"ಇಲ್ಲ ಪುಟ್ಟಿ," ಎಂದಳು. ನಿಜಕ್ಕೂ ಆಗಿರಲಿಲ್ಲ. ಮಗಳ ಮೊಣಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ತಾನೇ ಮಗಳನ್ನು ಬಚ್ಚಲಿಗೆ ಕರೆದು ಬಲಗೆನ್ನೆ ತೊಳೆದುಕೊಡು ಎಂದು ಕೇಳಿದಳು. ಹುಡುಗಿ ಬೆರಳ ತುದಿ ಒದ್ದೆ ಮಾಡಿ, ಹಸಿ ಬಣ್ಣದ ಗೋಡೆ ಮುಟ್ಟುವವಳ ಹಾಗೆ ಮುಟ್ಟಿದಳು. ಏನೂ ಆಗಲಿಲ್ಲ. ಅಂಗೈ ಇಟ್ಟಳು. ಆಗಲೂ ಇಲ್ಲ. ಆಮೇಲೆ ಇಬ್ಬರಿಗೂ ನಗು ಬಂತು. ಕೂಡಿಟ್ಟ ಶಾಲೆಯ ತಮಾಷೆಗಳೆಲ್ಲ ಒಂದೇ ವಾರದಲ್ಲಿ ಹೊರಬಿದ್ದವು. ಅವಳು ಬಾಯ್ತುಂಬ ನಕ್ಕಳು, ಶಾಲು ಮಡಿಚಿಟ್ಟಳು, ನೋವು ಹೋಯಿತು ಎಂದು ಕೊನೆಗೂ ನಂಬಿದಳು.

ನಂಬಿದ ಮೇಲೆ ಅದು ಬಂತು. ಮಧ್ಯಾಹ್ನ, ಮೈಕಿನ ಮುಂದೆ, ಯಾವುದೋ ಊರಿನ ಹೆಸರಿನ ನಡುವೆ. ಹಿಂದೆಂದೂ ಅಷ್ಟು ಜೋರಾಗಿ ಹೊಡೆದಿರಲಿಲ್ಲ. ಹೇಗೋ ಹೆಸರು ಮುಗಿಸಿದಳು, ಪ್ಲಾಟ್‌ಫಾರ್ಮ್ ಸರಿಯಾಗಿಯೇ ಹೇಳಿದಳು, ಮೈಕು ಆರಿಸಿ ಮೇಜಿಗೆ ಹಣೆಯಿಟ್ಟಳು.

ಮೇಲ್ವಿಚಾರಕರು ಡಿಪೋಗೆ ಫೋನು ಮಾಡಿದರು. ಗ್ರೀಸಿನ ಕೈಯಲ್ಲೇ ಓಡಿ ಬಂದ ಗಂಡ ಏದುಸಿರು ಬಿಡುತ್ತಾ ಅವಳ ಎಡಕ್ಕೆ ಕೂತ. ಮನೆಗೆ ಹೋಗೋಣ ಎಂದ. ಅವಳು ಏಳಲಿಲ್ಲ.

"ಹೋಗದೇ ಇದ್ದಿದ್ರೆ ಇದೆ ಅಂತಲೇ ಸಹಿಸ್ತಿದ್ದೆ," ಎಂದಳು, ತುಟಿ ಸೇರಿಸದೆ. "ಹೋಗಿ ಯಾಕೆ ತಿರುಗಿ ಹುಟ್ಟಿತು?"

ಕೆಳಗೆ ಯಾವುದೋ ಬಸ್ಸು ಬಂದು ನಿಂತಿತ್ತು, ಜನ ತಲೆಯೆತ್ತಿ ಗಾಜಿನ ಕೋಣೆಯತ್ತ ನೋಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಅವನ ಕಡೆ ನೋಡದೆ ಮೈಕು ಹತ್ತಿಸಿದಳು.