ಸಾರಿಗೆ ಹೊಂದದ ವೈನು

ಮೊನ್ನೆ ಭಾನುವಾರ ಮಗಳು ಕುರಿಮಾಂಸ ಬೇಯಿಸುತ್ತಾ ಅರ್ಧ ಬಾಟಲಿ ಕೆಂಪು ವೈನನ್ನು ಪಾತ್ರೆಗೆ ಸುರಿದಳು. ಚುಂಯ್ ಎಂದು ಹಬೆ ಎದ್ದಿತು. ಹುಳಿ, ಒಗರು, ಜೊತೆಗೆ ಪೆನ್ಸಿಲ್ ಕೆತ್ತಿದ ಹಾಗೊಂದು ವಾಸನೆ... ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಥೂ, ಆ ಪುಣ್ಯಾತ್ಮರು ನನ್ನ ಅಡುಗೆಮನೆಗೇ ಬಂದರಲ್ಲ ಎನಿಸಿತು.

ಅಮೆರಿಕದಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದ ಕಾಲ ಅದು. ನಮ್ಮವರು ಜರ್ಸಿ ಸಿಟಿಯ ಒಂದು ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ನಾನು ಅಂಕಲ್ ಎನ್ನುತ್ತಿದ್ದ ಆ ಪುಣ್ಯಾತ್ಮರು ಇವರ ಮೇಲಧಿಕಾರಿ, ಬಸವನಗುಡಿಯವರು. ಹಡ್ಸನ್ ನದಿ ಕಾಣುವ ಎತ್ತರದ ಫ್ಲ್ಯಾಟು. ಅವರಿಗೆ ಫ್ರೆಂಚ್ ವೈನಿನ ಹುಚ್ಚು. ಅದೂ ಒಂದೇ ತೋಟದಲ್ಲಿ ದ್ರಾಕ್ಷಿ ಬೆಳೆದು, ಅಲ್ಲೇ ಹಿಂಡಿ, ಅಲ್ಲೇ ಬಾಟಲಿಗೆ ತುಂಬಿದ್ದಾಗಬೇಕು. ಬೋರ್ಡೊ ಸೀಮೆಯ ಪೊಯಾಕ್ ಎಂಬ ಊರಿನದೆಂದರೆ ಪ್ರಾಣ. ಬರೀ ಬೆಣಚುಕಲ್ಲಿನ ನೆಲ, ಬಳ್ಳಿಗೆ ಸುಖವೇ ಇಲ್ಲ, ನೀರು ಹುಡುಕಿಕೊಂಡು ಬೇರು ಆಳಕ್ಕೆ ಇಳಿಯಬೇಕು, ಅದಕ್ಕೇ ಆ ರುಚಿ ಎನ್ನುತ್ತಿದ್ದರು. "ಮನುಷ್ಯರನ್ನೂ ಹಂಗೇ ಬೆಳೆಸ್ಬೇಕು, ಸುಖ ಕೊಡಬಾರದು," ಎಂದು ಕೆಳಗಿನವರ ಮುಖ ನೋಡಿ ನಗುವರು. ಎಲ್ಲರೂ ಹಲ್ಲು ಕಿರಿಯುತ್ತಿದ್ದರು. ನಗದೇ ಏನು ಮಾಡುವುದು? ವೀಸಾ ಅವರ ಕೈಲಿತ್ತು.

ಒಂದು ಶನಿವಾರ ಊಟಕ್ಕೆ ಕರೆದರು. ಬರಿಗೈಲಿ ಹೋಗಬಾರದೆಂದು ನಮ್ಮ ಮಂಡ್ಯದ ಕಡೆಯ ಮಟನ್ ಸಾರು ಮಾಡಿಕೊಂಡು ಹೋದೆ. ಅಂಕಲ್ ಮುಚ್ಚಳ ಎತ್ತಿ ಮೂಸಿ, ಎಲ್ಲರೆದುರೇ ಮುಖ ಸಿಂಡರಿಸಿದರು.

"ಅಯ್ಯೋ ಏನಮ್ಮಾ ಇದು! ಧನಿಯ, ಚಕ್ಕೆ, ಲವಂಗ... ಇದರ ಪಕ್ಕ ಪೊಯಾಕ್ ಇಡೋಕಾಗುತ್ತಾ? ಮೀನಿಗೆ ಶಾಬ್ಲಿ, ಸಿಹಿಗೆ ಸೊತೆರ್ನ್, ಸುಟ್ಟ ಮಾಂಸಕ್ಕೆ ಇದು. ನಿನ್ನ ಸಾರಿಗೆ ಯಾವುದೂ ಹೊಂದಲ್ಲ. ನೀರು ಕುಡೀರಿ."

ಸಾರಿನ ಪಾತ್ರೆ ಒಲೆಯ ಮೇಲೇ ಉಳಿಯಿತು. ಆಂಟಿ ನನ್ನ ಕಣ್ಣು ತಪ್ಪಿಸಿದರು. ನಮ್ಮವರು ಒಂದು ಗುಟುಕು ವೈನು ಕುಡಿದು, ಬಾಯಿ ತಪ್ಪಿ, "ಒಗರು ಸಾರ್, ಬಾಳೆಕಾಯಿ ಥರ," ಎಂದುಬಿಟ್ಟರು. ಆಮೇಲೆ ರಾತ್ರಿಯಿಡೀ ಅಂಕಲ್ ಬಾಯಲ್ಲಿ ಇವರ ಹೆಸರೇ ಬಾಳೆಕಾಯಿ.

ಹೊರಡುವಾಗ ನಮ್ಮವರು ಅಂಜುತ್ತಲೇ ಕೇಳಿದರು. ಪ್ರಿನ್ಸ್‌ಟನ್ನಿನ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಉತ್ತರ ಹೇಳಬೇಕಿತ್ತು. "ಇಲ್ಲಿ ಲೇಆಫ್ ಆಗುತ್ತೆ ಅಂತಾರೆ... ಏನ್ ಮಾಡ್ಲಿ ಸಾರ್?"

ಅಂಕಲ್ ಒಳಗೆ ಹೋಗಿ ಮರದ ಪೆಟ್ಟಿಗೆಯಿಂದ ಅದೇ ಪೊಯಾಕಿನ ಒಂದು ಬಾಟಲಿ ತಂದು ಇವರ ಕೈಗಿಟ್ಟರು. "ಒಗರು ಅಂದ್ಯಲ್ಲ, ಇದಿನ್ನೂ ಎಳೇದು. ಹತ್ತು ವರ್ಷ ಮುಟ್ಟಬೇಡ. ಆಮೇಲೆ ನನ್ನೇ ಕರಿ, ಒಟ್ಟಿಗೆ ತೆಗೆಯೋಣ. ಆತುರ ಯಾಕೋ?"

ಲಿಫ್ಟಿನಲ್ಲಿ ಇವರ ಮುಖ ಅರಳಿತ್ತು. "ಹತ್ತು ವರ್ಷ ಅಂದ್ರು ಕಣೇ! ತೆಗೆದುಹಾಕೋರು ಹಂಗೆ ಹೇಳ್ತಾರಾ?" ನಮ್ಮ ಕಡೆ ಮನೆಯ ಹಿರಿಯರು ಕೈಗೆ ಏನಾದರೂ ಇಟ್ಟು ಮಾತಾಡಿದರೆ ಮುಗಿಯಿತು, ಅದು ವಚನ. ನಾನೂ ನಂಬಿದೆ. ಸೋಮವಾರ ಪ್ರಿನ್ಸ್‌ಟನ್ನಿಗೆ ಫೋನ್ ಮಾಡಿ ಬೇಡವೆಂದರು.

ಅಂಕಲ್‌ಗೆ ಆ ತಿಂಗಳ ಲೆಕ್ಕ ಮುಗಿಸಿಕೊಡಲು ಇವರೊಬ್ಬರು ಬೇಕಿತ್ತು, ಅಷ್ಟೇ. ಮುಗಿದ ಮರುದಿನವೇ ಕೆಲಸದಿಂದ ತೆಗೆದರು, ಸೆಕ್ಯುರಿಟಿಯವನು ರಟ್ಟಿನ ಡಬ್ಬ ಕೊಟ್ಟು ಬಾಗಿಲ ತನಕ ಬಂದನಂತೆ. ತೆಗೆಯುವವರ ಪಟ್ಟಿ ಆ ಊಟಕ್ಕೂ ಮುಂಚೆಯೇ ಆಗಿತ್ತು, ಮಾಡಿದವರು ಅಂಕಲ್ಲೇ. ಪ್ರಿನ್ಸ್‌ಟನ್ನಿನವರು ಬೇರೆಯವರನ್ನು ತೆಗೆದುಕೊಂಡಾಗಿತ್ತು.

ಅವತ್ತು ಮನೆಯಲ್ಲಿ ಮಟನ್ ಇತ್ತು. ಮಸಾಲೆ ರುಬ್ಬಿ ಒಲೆಗಿಟ್ಟೆ. ಆ ಬಾಟಲಿ ಕಪಾಟಿನಿಂದ ನನ್ನನ್ನೇ ನೋಡುತ್ತಿತ್ತು. ಬಿರಡೆ ತೆಗೆಯುವ ಸಲಕರಣೆ ನಮ್ಮಲ್ಲೆಲ್ಲಿ? ಲಟ್ಟಣಿಗೆಯ ಹಿಡಿಯಿಂದ ಗುದ್ದಿ ಒಳಕ್ಕೆ ತಳ್ಳಿದೆ, ಪೂರ್ತಿ ಸಾರಿಗೆ ಸುರಿದೆ. ಇವರು ಮುದ್ದೆ ಮುರಿದು ಅದ್ದಿಕೊಂಡು ತಿಂದರು. ಮತ್ತೆ ಬಡಿಸಿಕೊಂಡರು.

ಕೊನೆಗೆ ಎಡಿಸನ್‌ನಲ್ಲಿ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಯವರು ವೀಸಾ ಉಳಿಸಿಕೊಟ್ಟರು. ನೆಲಮಾಳಿಗೆಯ ಬಾಡಿಗೆ ಮನೆಗೆ ಬಂದೆವು. ಮುಂದಿನ ಚಳಿಗಾಲ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅಂಕಲ್! ಗಡ್ಡ ಬೆಳೆದಿತ್ತು, ಕೋಟು ಮಾತ್ರ ಹಳೆಯ ಠೀವಿಯದು. ಬ್ಯಾಂಕು ಅವರನ್ನೂ ಹೊರಗೆ ಹಾಕಿತ್ತು. ಫ್ಲ್ಯಾಟು ಹೋಗುವುದರಲ್ಲಿತ್ತು, ವೈನೆಲ್ಲ ಮಾರುತ್ತಿದ್ದರು.

"ಆ ಪೊಯಾಕ್ ಪೆಟ್ಟಿಗೆಲಿ ಒಂದು ಜಾಗ ಖಾಲಿ ಇದೆಯಮ್ಮ. ಪೆಟ್ಟಿಗೆ ತುಂಬಿದ್ರೆ ಮಾತ್ರ ತಗೋತೀವಿ ಅಂತಾರೆ. ಅವತ್ತು ಕೊಟ್ಟಿದ್ದೆನಲ್ಲ..."

"ಸಾರಿಗೆ ಹಾಕ್ಬಿಟ್ಟೆ ಅಂಕಲ್," ಎಂದೆ.

ಬೈಯುತ್ತಾರೆಂದುಕೊಂಡೆ. ಬೈಯಲಿ ಎಂದೇ ಕಾದೆ. ಅವರು ನನ್ನ ಮುಖ ನೋಡಿ, "ಹೊಂದ್ತಾ?" ಎಂದು ಕೇಳಿದರು. ಅಣಕವಲ್ಲ. ನಿಜವಾಗಿ ತಿಳಿಯಬೇಕಿತ್ತು ಆ ಮನುಷ್ಯನಿಗೆ. ಎಲ್ಲ ಹೋದರೂ ಅದೊಂದು ಆಸೆ ಕಣ್ಣಲ್ಲಿ ಉಳಿದಿತ್ತು.

"ಇಲ್ಲ. ಒಗರು. ಚೆಲ್ಲಿಬಿಟ್ವಿ."

ತಲೆಯಾಡಿಸಿ ಹೋದರು. ಒಂದು ಲೋಟ ನೀರೂ ಕೊಡಲಿಲ್ಲ ನಾನು. ಮರುವರ್ಷ ಅವರು ತೀರಿಕೊಂಡರೆಂದು ಆಂಟಿಯ ಫೋನ್ ಬಂತು. ನಮ್ಮವರು ಹೋಗಿ ಬಂದರು, ನಾನು ಹೋಗಲಿಲ್ಲ. ಇವತ್ತು ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಕೇಳುವುದಕ್ಕೆ ಅವರಿಲ್ಲ... ನನ್ನ ಸಿಟ್ಟನ್ನು ಇನ್ನು ಯಾರ ಎದುರಿಗೆ ಇಡಲಿ?

ಮಗಳು ಸೌಟಿನಲ್ಲಿ ರಸ ತೆಗೆದು ಊದಿ ನನ್ನ ಬಾಯಿಗೆ ಹಿಡಿದಳು. "ಟೂ ಮಚ್ ವೈನ್, ಅಮ್ಮಾ?"

ನಾಲಿಗೆಯ ಮೇಲೆ ಅವತ್ತಿನದೇ ರುಚಿ. ಅಂಥ ಸಾರನ್ನು ನಾನು ಮತ್ತೆಂದೂ ಮಾಡಿರಲಿಲ್ಲ.

"ಹೊಂದಿದೆ ಕಣೇ," ಎಂದೆ.