ನೋಡಲಾಗಿದೆ

ನಮ್ಮ ವಸತಿ ಸಮುಚ್ಚಯದ ಮ್ಯಾನೇಜರರ ಮೇಜಿನ ಮೇಲೆ ಕೆಂಪು ರಟ್ಟಿನ ಒಂದು ತಕರಾರು ಪುಸ್ತಕ ಇದೆ. ಎಡಗಡೆ ನಾವು ನಮ್ಮ ತಕರಾರು ಬರೆಯಬೇಕು. ಬಲಗಡೆ ಅವರು ನೀಲಿ ಶಾಯಿಯಲ್ಲಿ ‘ನೋಡಲಾಗಿದೆ’ ಎಂದು ಬರೆದು ಸಹಿ ಮಾಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಆಯುಷ್ಯವೆಲ್ಲ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಓದದೆ ಹಾಕಿದ ಸಹಿ ಯಾವುದೆಂದು ಮಾರು ದೂರದಿಂದಲೇ ಹೇಳಬಲ್ಲೆ.

ನಮ್ಮದು ವಿದ್ಯಾಗಿರಿಯಲ್ಲಿ ಮೂರು ಮಹಡಿಯ ಕಟ್ಟಡ. ಅವ್ವನ ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ, ಮೆಟ್ಟಿಲು ಹತ್ತುವ ಪಾಡು ಬೇಡವೆಂದು ಹುಡುಕಿ ಹುಡುಕಿ ನೆಲಮಹಡಿಯ ಮನೆ ಹಿಡಿದಿದ್ದೆ. ಹೋದ ಶ್ರಾವಣದ ಒಂದು ಮುಂಜಾನೆ ಬಚ್ಚಲ ಜಾಲಿಯಿಂದ ಕಪ್ಪು ನೀರು ಮೇಲೆ ಉಕ್ಕಿತು. ಆಮೇಲೆ ಅದೇ ದಿನಚರಿಯಾಯಿತು. ಮೇಲಿನವರು ಬಟ್ಟೆ ಒಗೆದರೆ ನಮ್ಮ ಬಚ್ಚಲಲ್ಲಿ ಅವರ ನೊರೆ. ಅವರ ಪಾಯಖಾನೆಯ ನೀರು ಇಳಿದರೆ ನಮ್ಮಲ್ಲಿ ಏನು ತೇಲುತ್ತಿತ್ತು ಎಂದು ಬರೆಯಲು ಹೇಸಿಗೆ. ಆದರೂ ಬರೆಯುತ್ತೇನೆ, ಅವರ ಹೊಲಸು ತೇಲುತ್ತಿತ್ತು. ಅವ್ವ ವಾಕರ್ ಊರಿಕೊಂಡು ಅದರಲ್ಲೇ ಕಾಲಿಡಬೇಕಿತ್ತು.

ತಕರಾರು ಬರೆದೆ. ನೋಡಲಾಗಿದೆ. ಮತ್ತೆ ಬರೆದೆ. ನೋಡಲಾಗಿದೆ. ಮೂರನೆಯ ಸಲ ಮ್ಯಾನೇಜರರ ಖೋಲಿಗೇ ಹೋಗಿ ನಿಂತೆ.

“ಅಕ್ಕೋರ, ನಾ ಖುದ್ದ ಬಂದು ನೋಡೀನ್ರಿ. ಫೋಟೋನೂ ತಗೊಂಡೀನ್ರಿ.”

“ತಗೊಂಡು ಏನ್ ಮಾಡಿದ್ರಿ?”

“ಗ್ರೂಪಿನ್ಯಾಗ ಹಾಕೀನ್ರಿ.”

ಹಾಕಿದ್ದು ಖರೆ. ನಮ್ಮ ಬಚ್ಚಲಿನ ಹೊಲಸು ಎಲ್ಲರ ಮೊಬೈಲಿನಲ್ಲೂ ಇತ್ತು. ಅದರ ಕೆಳಗೆ ನಾಲ್ಕು ಜನ ಕೈ ಮುಗಿಯುವ ಚಿತ್ರ ಒತ್ತಿದ್ದರು. ಎರಡನೆಯ ಮಹಡಿಯ ನಿವೃತ್ತ ಪ್ರಾಧ್ಯಾಪಕರು ಮೆಟ್ಟಿಲ ಬಳಿ ಸಿಕ್ಕಾಗ ಬಹಳ ತಾಳ್ಮೆಯಿಂದ ನನಗೆ ಬುದ್ಧಿ ಹೇಳಿದರು. “ಸ್ವಲ್ಪ ಹೊಂದಿಕೊಂಡ ಹೋಗ್ರಿ. ಕೆಳಗಿನ ಮನಿ ಅಂದಮ್ಯಾಲ ಇವೆಲ್ಲಾ ಇರೂವ.” ನನ್ನ ಮೈಯೆಲ್ಲ ಉರಿಯಿತು. ಆ ಹೊತ್ತಿಗೂ ಮೇಲೆ ಅವರ ಮನೆಯ ವಾಷಿಂಗ್ ಮಷಿನ್ ತಿರುಗುತ್ತಿತ್ತು.

ಅವ್ವನ ದಿಂಬಿನ ಪಕ್ಕ ಒಂದು ತಾಮ್ರದ ತಂಬಿಗೆ ಇರುತ್ತದೆ. ಒಂದು ಸಂಜೆ ಸಾಲಿಯಿಂದ ಬಂದು ನೋಡಿದರೆ, ಮುಂಜಾನೆ ನಾನು ತುಂಬಿಟ್ಟ ನೀರು ಹಾಗೆಯೇ ಇತ್ತು. ಅವ್ವನ ತುಟಿಗಳು ಒಡೆದಿದ್ದವು.

“ಅವ್ವಾ, ನೀರ್ಯಾಕ ಕುಡದಿಲ್ಲಾ?”

“ಕುಡದ್ರ ಬಚ್ಚಲಕ್ಕ ಹೋಗಬೇಕಾಗ್ತದ. ಆ ಹೊಲಸಿನ್ಯಾಗ ಕಾಲಿಟ್ಟು ಬಂದು ತುಳಸೀ ಮುಂದ ಹ್ಯಾಂಗ ನಿಲ್ಲಲಿ?”

ಎಷ್ಟೋ ದಿನದಿಂದ ಹಾಗೆಯೇ ನಡೆದಿತ್ತಂತೆ. ಮುಂಜಾನೆ ಒಂದು ಗುಟುಕು, ಗುಳಿಗೆಗೆ ಒಂದು ಗುಟುಕು. ದವಾಖಾನೆಗೆ ಕರೆದುಕೊಂಡು ಹೋದೆ. ಹೀಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು ಎಂದು ಡಾಕ್ಟರರು ಅವ್ವನನ್ನಲ್ಲ, ನನ್ನನ್ನು ಬೈದರು. ನಾನು ಬೈಸಿಕೊಂಡೆ. ಬೈಸಿಕೊಳ್ಳಬೇಕಾದವರ ಪಟ್ಟಿ ಮನಸ್ಸಿನಲ್ಲೇ ಇಟ್ಟುಕೊಂಡೆ.

ರವಿವಾರ ಅಂಗಳದಲ್ಲಿ ನಿವಾಸಿಗಳ ಸಭೆ. ಕುರ್ಚಿ ಹಾಕಿದ್ದರು, ಚಹಾ ಬಂದಿತ್ತು. ನಮ್ಮ ಬಚ್ಚಲ ನೀರನ್ನು ಅರ್ಧ ಬಕೀಟು ಬಳಿದು ತಂದು ಮ್ಯಾನೇಜರರ ಕಾಲ ಬಳಿ ಇಟ್ಟೆ.

“ಇದನ್ನೂ ನೋಡ್ರಿ” ಎಂದೆ.

ಚಹಾ ಯಾರಿಗೂ ಇಳಿಯಲಿಲ್ಲ. ಹೊಲಸು ಹೀರುವ ಮಷಿನ್ ಗಾಡಿಯನ್ನು ನಾನೇ ಫೋನ್ ಮಾಡಿ ಕರೆಸಿದ್ದೆ, ಅದು ಗೇಟಿನಲ್ಲಿ ನಿಂತಿತ್ತು. ಗಾಡಿಯವ ಇಳಿದು ಕೇಳಿದ ಮೊದಲ ಮಾತು, “ಗಟಾರ ಚೇಂಬರಿನ ಮುಚ್ಚಳ ಎಲ್ಲೈತ್ರಿ?” ಮ್ಯಾನೇಜರರು ಪ್ರಾಧ್ಯಾಪಕರ ಮುಖ ನೋಡಿದರು, ಪ್ರಾಧ್ಯಾಪಕರು ಆಕಾಶ ನೋಡಿದರು. ಇಷ್ಟು ದಿನ ನೋಡಲಾಗಿದೆ, ನೋಡಲಾಗಿದೆ ಎಂದು ಬರೆದ ಮನುಷ್ಯನಿಗೆ ಮುಚ್ಚಳ ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ಗಾಡಿಯವ ಒಂದು ಕಬ್ಬಿಣದ ಸರಳು ಹಿಡಿದು, ನಮ್ಮ ಬಚ್ಚಲ ಗೋಡೆಯಿಂದ ನೆಲ ಬಡಿಯುತ್ತ ಪೈಪಿನ ಜಾಡು ಹಿಡಿದು ಹೊರಟ. ನಮ್ಮ ಕಿಟಕಿಯ ಮುಂದಿನ ತುಳಸಿಕಟ್ಟೆಯ ಹತ್ತಿರ ಬಂದು ನಿಂತ. “ಇದರ ಬುಡಕ ಐತ್ರಿ.”

ಆ ಕಟ್ಟೆ ಎಂದರೆ ಇಡೀ ಸಮುಚ್ಚಯಕ್ಕೆ ಹೆಮ್ಮೆ. ಇಳಕಲ್ಲಿನ ಕೆಂಪು ಕಲ್ಲು ತರಿಸಿ ಮೈಗೆ ಹಚ್ಚಿದ್ದರು. ಕಾರ್ತಿಕದಲ್ಲಿ ತುಳಸಿ ಲಗ್ನಕ್ಕೆ ಗುಳೇದಗುಡ್ಡದ ಕುಪ್ಪಸದ ಖಣ ಏರಿಸುತ್ತಿದ್ದರು. ಅವ್ವ ದಿನಾಲು ವಾಕರ್ ಊರಿಕೊಂಡು ಅದಕ್ಕೆ ಮೂರು ಸುತ್ತು ಬರುತ್ತಿದ್ದಳು.

ಮ್ಯಾನೇಜರರಿಗೆ ಹೋದ ಜೀವ ಬಂತು. “ದೇವರ ವಿಷಯ ಬಂತಲ್ರಿ, ಇನ್ನ ನಾ ಏನ್ ಮಾಡ್ಲಿ?”

“ಇವತ್ತ ರವಿವಾರ, ತುಳಸಿ ಮುಟ್ಟಬಾರದು” ಎಂದರು ಪ್ರಾಧ್ಯಾಪಕರು. “ತುಳಸಿ ಲಗ್ನ ಮುಗೀಲಿ, ಆಮ್ಯಾಲ ಶಾಸ್ತ್ರೋಕ್ತ ಜಾಗಾ ಬದಲಿಸೋಣಂತ.”

“ತುಳಸಿ ಲಗ್ನಕ್ಕ ಇನ್ನೂ ಎರಡು ತಿಂಗಳದ” ಎಂದೆ. “ಅಲ್ಲೀತನಕಾ ನಮ್ಮವ್ವ ನೀರು ಕುಡೀಬಾರದ? ಯಾವ ತಲಿಕೆಟ್ಟವರು ಚೇಂಬರಿನ ಮ್ಯಾಲ ಕಟ್ಟಿ ಕಟ್ಟರಿ ಅಂದ್ರು?”

ಮ್ಯಾನೇಜರರು ಒಳಗೆ ಹೋಗಿ ಕೆಂಪು ಪುಸ್ತಕ ತಂದು, ಹಿಂದಿನ ಹಾಳೆಗಳನ್ನು ತಿರುವಿ ನನ್ನ ಮುಂದೆ ಹಿಡಿದರು. ಎಡಗಡೆ ನನ್ನದೇ ದುಂಡು ಅಕ್ಷರ. ‘ನಮ್ಮ ಕಿಟಕಿಯ ಮುಂದಿನ ಸಿಮೆಂಟು ಹಾಸಿನ ಮೇಲೆ ಗಂಡಸರು ಕೂತು ಗುಟ್ಕಾ ಜಗಿದು ಉಗುಳುತ್ತಾರೆ. ಅಲ್ಲೊಂದು ತುಳಸಿಕಟ್ಟೆ ಕಟ್ಟಿಸಿದರೆ ಉಗುಳುವುದು ನಿಲ್ಲುತ್ತದೆ.’ ನಮ್ಮ ಕಡೆ ಇದೇ ಉಪಾಯ. ಗೋಡೆಗೆ ಹೊಲಸು ಮಾಡಿದರೆ ದೇವರ ಟೈಲ್ಸ್ ಹಚ್ಚುವುದು, ಮೂಲೆಗೆ ಉಗುಳಿದರೆ ದೇವರನ್ನು ಕೂಡಿಸುವುದು. ಚೇಂಬರ್ ಮುಚ್ಚಿದ್ದ ಆ ಹಾಸು ಅಲ್ಲಿ ಯಾಕಿದೆ ಎಂದು ನಾನು ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಬಲಗಡೆ ನೀಲಿ ಶಾಯಿಯಲ್ಲಿ ‘ನೋಡಲಾಗಿದೆ’. ನಾನು ಬರೆದ ತಕರಾರುಗಳಲ್ಲಿ ಕೆಲಸವಾಗಿ ಮುಗಿದದ್ದು ಅದೊಂದೇ.

ನನ್ನ ಸಿಟ್ಟು ಹೋಗಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ನನ್ನ ಅವ್ವನ ಬಾಯಾರಿಕೆಗೆ ನನ್ನ ಕೈಬರಹವೂ ಕಾರಣವಾಗಿತ್ತು.

ಹಿಂದೆ ವಾಕರಿನ ಸದ್ದಾಯಿತು. ಅವ್ವ ಬಾಗಿಲು ದಾಟಿ ಅಂಗಳಕ್ಕೆ ಬಂದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕಡೆ ನೋಡಲೂ ಇಲ್ಲ. ಪ್ರಾಧ್ಯಾಪಕರಿಗೆ ಹೇಳಿದಳು, “ರವಿವಾರ ಎಲಿ ಹರೀಬಾರದು ಅಂತದರಿ ಶಾಸ್ತ್ರ. ಯಾರೂ ಎಲಿ ಹರೀಬ್ಯಾಡ್ರಿ. ಮಣ್ಣು ಸಹಿತ ಎತ್ತಿ ನಮ್ಮ ಬಾಗಲಾಗ ಇಡ್ರಿ. ಎಲ್ಲೆ ಇಟ್ರೂ ಕೈ ಮುಗೀತೇನಿ.” ಆಮೇಲೆ ಗಾಡಿಯವನಿಗೆ, “ಒಡೀಪಾ” ಎಂದಳು.

ಅವನು ಚಪ್ಪಲಿ ಬಿಟ್ಟು, ಗಿಡವನ್ನು ಮಣ್ಣಿನ ಮುದ್ದೆ ಸಮೇತ ಎತ್ತಿ ನಮ್ಮ ಬಾಗಿಲಲ್ಲಿಟ್ಟ. ಆಮೇಲೆ ಸುತ್ತಿಗೆ ಹಿಡಿದ. ಇಳಕಲ್ ಕಲ್ಲು ಸುಲಭಕ್ಕೆ ಬಗ್ಗುವಂಥದ್ದಲ್ಲ. ಮುಚ್ಚಳ ಕಾಣುವ ಹೊತ್ತಿಗೆ ಬಿಸಿಲೇರಿತ್ತು. ಮಷಿನ್ ಗುಡುಗಿತು, ಒಳಗೆ ನಮ್ಮ ಬಚ್ಚಲ ಜಾಲಿ ಗೊಳಗೊಳ ಎಂದು ಎಲ್ಲವನ್ನೂ ನುಂಗಿಕೊಂಡಿತು. ಮ್ಯಾನೇಜರರು ಫೋಟೋ ತೆಗೆದರು.

ನಾನು ಬಚ್ಚಲನ್ನು ಎರಡು ಸಲ ತಿಕ್ಕಿ ತೊಳೆದು ಬಂದೆ. ಅವ್ವ ಅಂಗಳದ ಕುರ್ಚಿಯಲ್ಲೇ ಕೂತಿದ್ದಳು. ತಂಬಿಗೆ ಕೊಟ್ಟೆ. ತಪ್ಪಾಯ್ತವ್ವಾ ಎನ್ನಲು ಬಾಯಿ ತೆರೆದೆ. ಅವ್ವ ಕೈ ಎತ್ತಿ ತಡೆದಳು. ಎಲ್ಲರೆದುರು, ಉಸಿರು ಬಿಡದೆ, ತಂಬಿಗೆಯ ತಳ ಮೇಲಾಗುವವರೆಗೂ ಕುಡಿದಳು. ಗಲ್ಲದ ಮೇಲೆ ಹರಿದ ನೀರನ್ನು ಸೆರಗಿನಿಂದ ಒರೆಸಿಕೊಂಡು ತಂಬಿಗೆಯನ್ನು ನನ್ನ ಕೈಗಿಟ್ಟಳು.

“ಇನ್ನೊಂದು ತಾ” ಎಂದಳು.